ಫೋನು ಮಾತು ಬಿಟ್ಟ ಬೇಸಿಗೆ

ಹೋದ ತಿಂಗಳು ಸಿಂಧನೂರಿನ ಒಂದು ಮೊಬೈಲ್ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದೆ. ಬಂದದ್ದು ಇಯರ್‌ಫೋನ್ ಕೊಳ್ಳಲಿಕ್ಕೆ. ಅಂಗಡಿಯವನು ಯಾರದೋ ಫೋನಿನ ಹಿಂಬದಿ ಬಿಚ್ಚುತ್ತಿದ್ದ. ಅಂಟು ಕಿತ್ತು ಬರುವ ಚರಚರ ಸದ್ದು ಕೇಳಿತು, ಅದರ ಹಿಂದೆಯೇ ವಾಸನೆ ಬಂತು. ಕೊಳೆಯಲು ಶುರುವಾದ ಹಣ್ಣಿಗೆ ಉಗುರುಬಣ್ಣ ಬೆರೆಸಿದಂಥ ವಾಸನೆ. ಮೂಗಿಗೆ ಸಿಹಿ, ಗಂಟಲಿಗೆ ಇಳಿದರೆ ಕಹಿ. ಉಬ್ಬಿದ ಬ್ಯಾಟರಿಯದು. ಪಕ್ಕದಲ್ಲಿದ್ದವರು ಎದ್ದು ಸರಿದರು, ಬೆಂಚು ಹಗುರಾಯಿತು. ನಾನು ಮಾತ್ರ ಏಳಲಿಲ್ಲ. ಮೂರು ವರ್ಷದ ಹಿಂದಿನ ಬೇಸಿಗೆ ಇಡಿಯಾಗಿ ಬಂದು ಎದೆಯ ಮೇಲೆ ಕೂತಿತ್ತು. ಆ ಬೇಸಿಗೆಯ ಮೇಲೆ ನನಗೆ ಇನ್ನೂ ಸಿಟ್ಟಿದೆ.

ನನಗೆ ಕಣ್ಣು ಕಾಣುವುದಿಲ್ಲ. ಏಳನೇ ವಯಸ್ಸಿನಲ್ಲಿ ಬಂದ ಜ್ವರ ಹೋಗುವಾಗ ಕಣ್ಣನ್ನೂ ಕರೆದುಕೊಂಡು ಹೋಯಿತು. ಊರು ಬಳಗಾನೂರು. ಅಪ್ಪ, ಅವ್ವ ತೀರಿಕೊಂಡ ಮೇಲೆ ಮನೆಗೆ ಹಿರಿಯನೆಂದರೆ ಅಣ್ಣ ವೀರೇಶ. ನಾನು ಡಿಗ್ರಿ ಓದಿದ್ದು ಮಸ್ಕಿಯಲ್ಲಿ. ಆ ವರ್ಷ ಲಿಂಗಸುಗೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿಯ ಕೆಲಸ ಸಿಕ್ಕಿತು. ಕಾಲೇಜಿನ ಕಾಲದಿಂದ ಇದ್ದ ಮಸ್ಕಿಯ ಕೋಣೆಯಲ್ಲೇ ಇದ್ದುಕೊಂಡು ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ ಎಂದೆ. ಅಣ್ಣನಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಸಿಂಧನೂರಿಗೆ ವರ್ಗವಾಗುವವರೆಗೆ ರಜೆ ಹಾಕಿ ಮನೆಯಲ್ಲಿರು, ಆಮೇಲೆ ನಾನೇ ದಿನಾ ಗಾಡಿಯಲ್ಲಿ ಬಿಟ್ಟು ಬರುತ್ತೇನೆ ಎಂದು ಅವನ ಹಟ. ಹೊಸ ನೌಕರಿ, ಪ್ರೊಬೇಷನ್ ಮುಗಿಯದೆ ವರ್ಗವೂ ಇಲ್ಲ, ಉದ್ದನೆಯ ರಜೆಯೂ ಇಲ್ಲ ಎಂದು ನಾನು ವಾದಿಸಿದೆ. ಕಡೆಗೆ ಅವನು ಒಪ್ಪಿದ್ದು ಒಂದು ಮಾತಿನ ಮೇಲೆ.

"ಒಂದ್ ವರ್ಷ ನೋಡ್ತೀನಿ. ಒಂದ ಸಲ ಏನರ ಹೆಚ್ಚುಕಡಿಮಿ ಆತಂದ್ರ, ನೌಕರಿ ಇರಲಿ ಬಿಡಲಿ, ಮನಿಗೆ ಕರಕೊಂಡು ಹೋಗಾಂವ."

ಹೆಚ್ಚುಕಡಿಮೆ ಆಗುವುದಿಲ್ಲ ಎಂಬ ಧೈರ್ಯ ನನಗಿದ್ದದ್ದು ಫೋನಿನಿಂದ. ನನ್ನ ಫೋನು ಮಾತಾಡುತ್ತದೆ. ಪರದೆಯ ಮೇಲೆ ಬೆರಳು ಎಲ್ಲಿ ಹೋದರೂ ಅಲ್ಲಿ ಏನಿದೆಯೆಂದು ಓದಿ ಹೇಳುತ್ತದೆ. ಕ್ಯಾಮೆರಾ ಹಿಡಿದರೆ ಬಸ್ಸಿನ ಬೋರ್ಡು ಓದುತ್ತದೆ. ಕೈಯಲ್ಲಿರುವುದು ಯಾವ ನೋಟೆಂದು ಹೇಳುತ್ತದೆ. ಬಸ್ಸಿನಲ್ಲಿ ಕೂತರೆ ಯಾವ ಊರು ಬಂತೆಂದು ಕಿವಿಯಲ್ಲಿ ಉಸುರುತ್ತದೆ. ಆಫೀಸಿನ ಸುತ್ತೋಲೆಗಳನ್ನೂ ಅದೇ ಓದುತ್ತಿತ್ತು. ಅದು ಬರುವ ಮೊದಲು ನನ್ನ ಅರ್ಧ ಆಯುಷ್ಯ ಕೇಳುವುದರಲ್ಲೇ ಹೋಗಿತ್ತು. ಇದು ಯಾವ ಬಸ್ಸು, ಟೈಮೆಷ್ಟು, ಇದರಲ್ಲಿ ಏನು ಬರೆದಿದೆ. ಕೇಳಿದರೆ ಒಬ್ಬರು ಹೇಳುತ್ತಾರೆ, ಒಬ್ಬರು ಅಯ್ಯೋ ಪಾಪ ಎನ್ನುತ್ತಾರೆ, ಮತ್ತೊಬ್ಬರು ಏನೂ ಹೇಳದೆ ರಟ್ಟೆ ಹಿಡಿದು ಎಳೆದುಕೊಂಡು ಹೊರಡುತ್ತಾರೆ. ಫೋನು ಬಂದ ಮೇಲೆ ನಾನು ಕೇಳುವುದನ್ನು ಬಿಟ್ಟೆ. ಅದು ಎಂಥ ಬಿಡುಗಡೆಯೆಂದು ಕಣ್ಣಿದ್ದವರಿಗೆ ಹೇಳಿ ತಿಳಿಸುವುದು ಕಷ್ಟ.

ಮಸ್ಕಿಯ ಕೋಣೆ ಮೇಲ್ಮಹಡಿಯಲ್ಲಿತ್ತು, ತಗಡಿನ ಮಾಡು. ಕೆಳಗೆ ಮನೆಯವರು, ಮಹಬೂಬ್ ಚಾಚಾ ಮತ್ತು ಜೈನಾಬಿ ಚಾಚಿ. ಚಾಚಾ ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವವರು. ಮನೆಯ ಮುಂದಿನ ಪಡಸಾಲೆಯೇ ಅಂಗಡಿ. ಬೇಸಿಗೆ ಬಂತೆಂದರೆ ಸುತ್ತಲಿನ ಹಳ್ಳಿಗಳ ಮೋಟಾರೆಲ್ಲ ಅಲ್ಲಿ ಬಂದು ಬೀಳುತ್ತಿದ್ದವು. ವಾರ್ನಿಷಿನ ವಾಸನೆ ಮೆಟ್ಟಿಲು ಹತ್ತಿ ನನ್ನ ಕೋಣೆಯವರೆಗೂ ಬರುತ್ತಿತ್ತು.

ಮಾರ್ಚ್ ಕೊನೆಗೆ ಫೋನಿನ ದನಿ ತೊದಲತೊಡಗಿತು. ಮಧ್ಯಾಹ್ನ ಬೋರ್ಡಿಗೆ ಹಿಡಿದರೆ ಮಸ್, ಮಸ್, ಮಸ್ ಎಂದು ನಿಂತುಬಿಡುತ್ತಿತ್ತು. "ಕಿ" ಬರುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಏಪ್ರಿಲ್‌ನಲ್ಲಿ ಚಾರ್ಜಿಗೆ ಹಾಕಿದರೆ ಹತ್ತು ನಿಮಿಷಕ್ಕೆ, ಫೋನು ಬಿಸಿಯಾಗಿದೆ, ಚಾರ್ಜಿಂಗ್ ನಿಲ್ಲಿಸಲಾಗಿದೆ ಎಂದು ಅದೇ ತಣ್ಣನೆಯ ದನಿಯಲ್ಲಿ ಹೇಳಿ ಸುಮ್ಮನಾಗುತ್ತಿತ್ತು. ಹಗಲೆಲ್ಲ ಕಾದ ತಗಡು ಬೆಳಗಿನ ಜಾವದವರೆಗೆ ಆರುತ್ತಿರಲಿಲ್ಲ. ಅದು ಆರುವವರೆಗೆ ಫೋನೂ ಚಾರ್ಜ್ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಏಳೂಕಾಲಿಗೆ ಮುಂಚೆ ಬಸ್ ಹಿಡಿಯಬೇಕು. ಅರ್ಧ ಹೊಟ್ಟೆಯ ಫೋನು ತೆಗೆದುಕೊಂಡು ಓಡುತ್ತಿದ್ದೆ.

ನಮ್ಮ ಕಡೆ ಏಪ್ರಿಲ್, ಮೇ ಎರಡು ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಬಿಸಿಲಿನಿಂದ ನೌಕರರನ್ನು ಕಾಪಾಡಲಿಕ್ಕೆ. ಮನೆ ಲಿಂಗಸುಗೂರಿನಲ್ಲೇ ಇದ್ದವರು ಹೋಗಿ ಫ್ಯಾನಿನ ಕೆಳಗೆ ಮಲಗುತ್ತಿದ್ದರು. ನಾನು ಸರಿಯಾಗಿ ಎರಡು ಗಂಟೆಯ ಬಿಸಿಲಿನಲ್ಲಿ ಬಸ್ ನಿಲ್ದಾಣದಲ್ಲಿ ಫೋನು ಎತ್ತಿ ಹಿಡಿದು ನಿಂತಿರುತ್ತಿದ್ದೆ. ಅದು ಕೈಯಲ್ಲಿ ಒಲೆಯಿಂದ ಈಗಷ್ಟೇ ತೆಗೆದ ರೊಟ್ಟಿಯಂತೆ ಸುಡುತ್ತಿತ್ತು.

ಸಲಹೆಗೇನು ಬರವಿರಲಿಲ್ಲ. ಆಫೀಸಿನ ಒಬ್ಬರು ಫ್ರಿಜ್ಜಿನಲ್ಲಿಡಿ ಎಂದರು. ಇನ್ನೊಬ್ಬರು ಬಿಸಿಯಾದರೆ ಸ್ವಲ್ಪ ಹೊತ್ತು ಬಂದ್ ಮಾಡಿ ಇಟ್ಟುಬಿಡಿ ಎಂದರು, ನಾನು ಅದರಲ್ಲಿ ಆಟ ಆಡುತ್ತೇನೇನೋ ಎಂಬಂತೆ. ಜೈನಾಬಿ ಚಾಚಿ ತಮ್ಮ ನೀರಿನ ಹರವಿಯ ಕೆಳಗಿನ ಒದ್ದೆ ಮರಳಿನ ಮೇಲೆ ಬಟ್ಟೆ ಹಾಸಿ ಅದರಲ್ಲಿ ಫೋನನ್ನು ಮಲಗಿಸಿದರು. ಕೂಸನ್ನು ಮಲಗಿಸಿದ ಹಾಗೆ ಮಲಗಿಸಿದೆನೆಂದು ಅವರೇ ಹೇಳಿದರು. ಒಂದು ತಾಸಿಗೆ ಅದು ನಿಜವಾಗಿಯೂ ತಣ್ಣಗಾಯಿತು. ಚಾರ್ಜರ್ ಚುಚ್ಚಿದರೆ, ಪೋರ್ಟಿನಲ್ಲಿ ತೇವವಿದೆ, ಚಾರ್ಜರ್ ತೆಗೆಯಿರಿ ಎಂದಿತು. ಒಣಗಲಿಕ್ಕೆ ಎರಡು ದಿನ ತೆಗೆದುಕೊಂಡಿತು. ಆ ಎರಡು ದಿನ ನಾನು ಚಾಚಿಯ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಆಕೆಯ ತಪ್ಪೇನೂ ಇರಲಿಲ್ಲ.

ಚಾಚಾ ಮಾತ್ರ ಫೋನನ್ನು ಅಂಗೈಯಲ್ಲಿ ಹಿಡಿದು, ಮೋಟಾರಿನ ಮೈ ಮುಟ್ಟಿ ನೋಡುವಂತೆ ನೋಡಿದರು.

"ಮೋಟ್ರಾಗ ಬಿಸಿ ಹೊರಗ ಹಾಕಾಕ ಹಿಂದ ಫ್ಯಾನ್ ಇರ್ತೈತಿ ಬೇಟಿ. ಇದಕ್ಕ ದಾರಿನೇ ಇಲ್ಲ. ಒಳಗಿಂದು ಒಳಗ, ಹೊರಗಿಂದೂ ಒಳಗ," ಎಂದರು. ಆಮೇಲೆ ಬೆರಳಿಂದ ಹಿಂಬದಿ ಒತ್ತಿ ನೋಡಿದರು. ಅದು ಉಬ್ಬಿತ್ತು. ವಾರದಿಂದ ನನ್ನ ಬೆರಳಿಗೂ ಗೊತ್ತಾಗಿತ್ತು. ಕವರ್ ಸರಿಯಾಗಿ ಕೂತಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಇದು ಇನ್ನು ಚಾರ್ಜಿಗೆ ಹಾಕುವಂಥದ್ದಲ್ಲ, ಸಿಡಿಯಬಹುದು, ನಾಳೆಯೇ ಬ್ಯಾಟರಿ ಬದಲಿಸು ಎಂದರು.

ಚಾಚಿಯನ್ನು ಕರೆದುಕೊಂಡು ಸಿಂಧನೂರಿಗೆ ಹೋದೆ. ಅಂಗಡಿಯವನು ಬಿಚ್ಚಿದಾಗ ಆ ವಾಸನೆ ಬಂತು, ಜೀವನದಲ್ಲಿ ಮೊದಲ ಸಲ. ಅವನು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಎಲ್ಲವನ್ನೂ ಚಾಚಿಗೆ ಹೇಳಿದ. ಇವರಿಗೆ ಇಷ್ಟು ದೊಡ್ಡ ಫೋನ್ ಯಾಕೆ, ಒತ್ತುವ ಗುಂಡಿಯ ಸಾದಾ ಫೋನು ಸಾಕಲ್ಲ ಎಂದ. ಚಾಚಿ ಏನೋ ಹೇಳಹೊರಟರು. ನಾನು ಅವರ ಕೈ ಅದುಮಿದೆ. ಜಗಳಕ್ಕಿಂತ ಬ್ಯಾಟರಿ ಮುಖ್ಯವಾಗಿತ್ತು. ಅವನು ಹಾಕಿದ್ದು ಎಲ್ಲಿಯದೋ ಏನೋ, ಕಂಪನಿಯದರ ಹಾಗೆಯೇ ಇದೆ ಎಂದು ಎರಡು ಸಲ ಹೇಳಿದ. ಎರಡು ಸಲ ಹೇಳಿದಾಗಲೇ ನನಗೆ ಗೊತ್ತಾಗಬೇಕಿತ್ತು.

ಹಳೆಯ ಬ್ಯಾಟರಿ ಬಿಸಿಯಾದರೆ ಬಿಸಿಯಾಗಿದ್ದೇನೆ ಎಂದಾದರೂ ಹೇಳುತ್ತಿತ್ತು. ಹೊಸದು ಸುಳ್ಳು ಹೇಳುತ್ತಿತ್ತು. ನಲವತ್ತು ಪ್ರತಿಶತ ಇದೆ ಎನ್ನುತ್ತಲೇ ಬಿಸಿಲಿಗೆ ಹೋದ ಎರಡನೇ ನಿಮಿಷಕ್ಕೆ ಸತ್ತುಬೀಳುತ್ತಿತ್ತು. ಆಫೀಸಿನ ಫ್ಯಾನಿನ ಕೆಳಗೆ ಮತ್ತೆ ಚಾಲೂ ಮಾಡಿದರೆ, ಏನೂ ಆಗಿಲ್ಲವೆಂಬಂತೆ ಮೂವತ್ತೆಂಟು ಎನ್ನುತ್ತಿತ್ತು.

ಮೇ ತಿಂಗಳ ಒಂದು ಗುರುವಾರ. ಒಂದೂವರೆಗೆ ಆಫೀಸು ಬಿಟ್ಟು ನಿಲ್ದಾಣಕ್ಕೆ ಬಂದೆ. ಮುಖಕ್ಕೆ ಬಡಿಯುವ ಗಾಳಿ ಭಟ್ಟಿಯ ಬಾಗಿಲಿನಿಂದ ಬರುವಂತಿತ್ತು. ಬಸ್ಸೊಂದು ಬಂದು ನಿಂತಿತು. ಫೋನು ಎತ್ತಿದೆ, ಅದು ಸತ್ತಿತ್ತು. ಹೋಗಲಿ ಎಂದು ಪಕ್ಕದಲ್ಲಿದ್ದವರನ್ನು, ಮಸ್ಕಿ ಬಸ್ಸೇನ್ರೀ ಎಂದು ಕೇಳಿದೆ. ಹೂಂ ಹತ್ರಿ, ಹತ್ರಿ ಎಂದು ಯಾರೋ ಬೆನ್ನಿಗೆ ಕೈ ಹಾಕಿ ಹತ್ತಿಸಿಯೇ ಬಿಟ್ಟರು. ಅವರಿಗೆ ಕೇಳಿಸಿದ್ದು ಮಸ್ಕಿಯೋ ಮತ್ತೊಂದೋ, ಇವತ್ತಿಗೂ ಗೊತ್ತಿಲ್ಲ. ಕಂಡಕ್ಟರ್ ನನ್ನ ಅಂಗವಿಕಲರ ಪಾಸು ನೋಡಿ, ಏನೂ ಕೇಳದೆ ಮುಂದೆ ಹೋದ.

ಊರು ದಾಟುವಾಗಲೇ ಬಸ್ಸು ತಿರುಗಬೇಕಾದ ಕಡೆ ತಿರುಗಲಿಲ್ಲವೆನ್ನಿಸಿತು. ಬೆನ್ನ ಹಿಂದಿರಬೇಕಾದ ಬಿಸಿಲು ಬಲಗೆನ್ನೆಗೆ ಬಂತು. ರಸ್ತೆ ಕೆಲಸ ನಡೆದಿರಬೇಕು, ಸುತ್ತು ಹಾಕುತ್ತಿದೆ ಎಂದುಕೊಂಡೆ. ಕೇಳಬಹುದಿತ್ತು. ಪಕ್ಕದಲ್ಲೇ ಒಬ್ಬ ಹೆಂಗಸು ಕೂತಿದ್ದಳು. ಆದರೆ ಕೇಳುವುದನ್ನು ಬಿಟ್ಟು ಎಷ್ಟೋ ವರ್ಷವಾದ ನಾಲಿಗೆ ಆ ದಿನ ಒಮ್ಮೆ ಕೇಳಿ ಸೋತಿತ್ತು, ಮತ್ತೊಮ್ಮೆ ಏಳಲಿಲ್ಲ. ಬಸ್ಸು ನಿಂತಾಗ ಕಂಡಕ್ಟರ್ ಮುದಗಲ್, ಮುದಗಲ್ ಎಂದು ಕೂಗಿದ. ಮಸ್ಕಿಯ ದಾರಿಯಲ್ಲೇ ಇಲ್ಲದ ಊರು.

ನನಗೆ ಬಂದದ್ದು ಹೆದರಿಕೆಯಲ್ಲ, ನಾಚಿಕೆ. ಇಳಿದು, ಕೋಲು ಬಿಡಿಸಿ, ನೆರಳು ಹುಡುಕಿ ನಿಂತೆ. ಲಿಂಗಸುಗೂರಿಗೆ ವಾಪಸು ಹೋಗುವ ಬಸ್ಸು ಯಾವುದೆಂದು ಕೇಳಿದ್ದೇ ತಡ, ಸುತ್ತ ಜನ ಸೇರಿತು. ಯಾರ ಸಂಗಾಟ ಬಂದೀರಿ ಎಂದು ಒಬ್ಬರಾದ ಮೇಲೆ ಒಬ್ಬರು ಕೇಳಿದರು. ಯಾರ ಜೊತೆಗೂ ಬಂದಿಲ್ಲ ಎಂದರೆ ಯಾರಿಗೂ ಅದು ಉತ್ತರವೆನ್ನಿಸಲಿಲ್ಲ. ಮನೆಯವರ ನಂಬರ್ ಹೇಳಿ ಎಂದರು. ನನಗೆ ಒಂದು ನಂಬರೂ ಬಾಯಿಗೆ ಬರಲಿಲ್ಲ. ಎಲ್ಲವೂ ಸತ್ತ ಫೋನಿನೊಳಗಿದ್ದವು.

ಅವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಬಹಳ ಒಳ್ಳೆಯವರು. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ನನ್ನನ್ನು ಬೆಂಚಿನ ಮೇಲೆ ಕೂರಿಸಿ ಚಹಾ ತರಿಸಿದರು. ಕೊರಳಲ್ಲಿದ್ದ ಆಫೀಸಿನ ಗುರುತಿನ ಚೀಟಿಯನ್ನು ತಿರುಗಿಸಿ, ತುರ್ತಿಗೆಂದು ಬರೆದಿದ್ದ ಅಣ್ಣನ ನಂಬರಿಗೆ ಫೋನ್ ಹಚ್ಚಿದರು. ಬೇಡ ಎನ್ನುವಷ್ಟರಲ್ಲಿ ಅಣ್ಣ ಎತ್ತಿಯಾಗಿತ್ತು. ಇಲ್ಲೇ ಇರಲಿ, ಬರುತ್ತೇನೆ ಎಂದನಂತೆ. ನಾನು ಮಾತಾಡುತ್ತೇನೆಂದು ಕೈ ಚಾಚಿದಾಗ ಫೋನ್ ಇಟ್ಟಿದ್ದ. ತಿರುಗಿ ಹಚ್ಚಿದರೆ ಎತ್ತಲಿಲ್ಲ, ಗಾಡಿ ಹತ್ತಿರಬೇಕು.

ಎರಡು ತಾಸಿಗೂ ಮಿಕ್ಕಿ ಅಲ್ಲಿ ಕೂತೆ. ನಿಲ್ದಾಣದಲ್ಲಿ ಕಸ ಗುಡಿಸುವ ಹುಲಿಗೆಮ್ಮ ಎಂಬಾಕೆ ಒಬ್ಬಳೇ ನನ್ನನ್ನು, ಎಲ್ಲಿಗೆ ಹೋಗಬೇಕಿತ್ತು ಎಂದು ಕೇಳಿದ್ದು. ಹೇಳಿದೆ. ಹಂಗಾದ್ರ ಬಸ್ ಹತ್ತಿಸಿದ್ರ ಮುಗೀತಲ್ರಿ ಎಂದು ಆಕೆ ಮೇಷ್ಟ್ರಿಗೆ ಹೇಳಿದಳು. ನಿನಗೆ ತಿಳಿಯುವುದಿಲ್ಲ ಸುಮ್ಮನಿರಮ್ಮ ಎಂದರು ಅವರು. ಲಿಂಗಸುಗೂರಿನ ಬಸ್ಸು ಹೊರಡುವಾಗಲೆಲ್ಲ ಆಕೆ ನನ್ನ ಹತ್ತಿರ ಬಂದು, "ಇನ್ನೊಂದು ಹೊಂಟೈತ್ರಿ ಅಕ್ಕಾರ," ಎನ್ನುತ್ತಿದ್ದಳು. ನಾನು ಏಳುವಂತಿರಲಿಲ್ಲ. ಅಣ್ಣ ಆ ಬಿಸಿಲಲ್ಲಿ ದಾರಿಯಲ್ಲಿದ್ದ; ಬಂದು ನಾನಿಲ್ಲದ್ದು ಕಂಡರೆ ಅವನ ಎದೆ ಒಡೆಯುತ್ತಿತ್ತು. ನಾನು ಕಳೆದುಹೋಗಿರಲಿಲ್ಲ. ತಪ್ಪು ಬಸ್ಸು ಹತ್ತಿದ್ದೆ, ಅಷ್ಟೇ. ಕಣ್ಣಿದ್ದವರು ತಪ್ಪು ಬಸ್ಸು ಹತ್ತಿದರೆ ಇಳಿದು ಮತ್ತೊಂದು ಹತ್ತುತ್ತಾರೆ. ಅವರನ್ನು ಯಾರೂ ಬೆಂಚಿನ ಮೇಲೆ ಕೂರಿಸಿ ಕಾಯುವುದಿಲ್ಲ.

ಅಣ್ಣ ಬಂದ. ಮೇಷ್ಟ್ರಿಗೆ ಉಪಕಾರ ಸ್ಮರಿಸಿ, ಎರಡು ಲೋಟ ನೀರು ಕುಡಿದು, ನನ್ನ ಕೈ ಹಿಡಿದ. ಅವನ ಅಂಗೈ ಫೋನಿಗಿಂತ ಬಿಸಿಯಾಗಿತ್ತು. ಅಂಗಿಯ ತೋಳು ಬೆವರು ಆರಿ ರಟ್ಟಿನಂತಾಗಿತ್ತು. ಗಾಡಿಯ ಹತ್ತಿರ ಕರೆದುಕೊಂಡು ಹೋದ.

"ಏನಂದಿದ್ದೆ ನಾ?" ಎಂದ ಆಮೇಲೆ.

"ತಪ್ಪು ಬಸ್ ಹತ್ತೀನಣ್ಣ. ಕಳದಿಲ್ಲ."

"ಫೋನ್ ಬಂದಾಗ ಹೊಲದಾಗಿದ್ದೆ. ನಿಮ್ಮ ತಂಗಿ ಮುದಗಲ್ಲಾಗ ಸಿಕ್ಕಾಳ ಅಂದ್ರು. ಸಿಕ್ಕಾಳ ಅಂದ್ರ ನಾ ಏನಂತ ತಿಳ್ಕೋಬೇಕು?"

ಸಿಟ್ಟಿತ್ತು, ಆದರೆ ಯಾರ ಮೇಲೆ ಹಾಕುವುದು. ಅಣ್ಣನ ಮೇಲೋ, ಚಹಾ ಕುಡಿಸಿದ ಮೇಷ್ಟ್ರ ಮೇಲೋ, ಅಂಗೈಯಗಲದ ಒಂದು ಗಾಜಿನ ತುಂಡಿನ ಮೇಲೋ. ಮಸ್ಕಿಯಲ್ಲಿ ಗಾಡಿ ನಿಲ್ಲಿಸಿ ನನ್ನ ನಾಲ್ಕು ಬಟ್ಟೆ ತೆಗೆದುಕೊಂಡೆವು. ಫೋನನ್ನು ಮಹಬೂಬ್ ಚಾಚಾನ ಕೈಗೆ ಕೊಟ್ಟೆ, ಮುಟ್ಟಲೂ ಬೇಸರವಾಗಿತ್ತು. ಸಂಜೆಗೆ ಬಳಗಾನೂರು ಸೇರಿದೆವು.

ಶುಕ್ರವಾರಕ್ಕೆ ಅಣ್ಣನೇ ಆಫೀಸಿಗೆ ಫೋನ್ ಮಾಡಿ ರಜೆ ಹೇಳಿದ. ಎರಡನೇ ಶನಿವಾರ, ಭಾನುವಾರ ಹೇಗೂ ಬಿಡುವು. ಮನೆಯಲ್ಲಿ ಫ್ಯಾನಿತ್ತು, ದಪ್ಪ ಗೋಡೆಯ ತಂಪಿತ್ತು, ಹೊತ್ತುಹೊತ್ತಿಗೆ ಊಟವಿತ್ತು. ನನಗೆ ಮಾತ್ರ ದಿನ ಎಣಿಸುವುದೇ ಕೆಲಸವಾಗಿತ್ತು. ರಜೆ ಉದ್ದವಾದಷ್ಟೂ ಪ್ರೊಬೇಷನ್ ಮುಂದೆ ಹೋಗುತ್ತದೆ, ಆಫೀಸಿನಲ್ಲಿ ಮೊದಲೇ ನನ್ನ ಮೇಜಿನ ಮುಂದೆ ನಿಂತು ಲೊಚಗುಟ್ಟುವವರಿದ್ದರು. ಅತ್ತಿಗೆಯನ್ನು ಕೂರಿಸಿಕೊಂಡು ನಂಬರುಗಳನ್ನು ಹೇಳಿಸಿಕೊಂಡೆ. ಅಣ್ಣನದು, ಅತ್ತಿಗೆಯದು, ಚಾಚಾನದು, ಆಫೀಸಿನದು. ಮಗ್ಗಿ ಬಾಯಿಪಾಠ ಮಾಡಿದಂತೆ ಮಾಡಿದೆ. ಚಾಚಾ ಭಾನುವಾರ ಫೋನ್ ಮಾಡಿ, ಆ ಬ್ಯಾಟರಿಯನ್ನು ಬಿಚ್ಚಿ ತೆಗೆದಿದ್ದೇನೆ, ರಾಯಚೂರಿನಿಂದ ಸರಿಯಾದದ್ದು ತರಿಸುತ್ತೇನೆ, ಬರಲಿಕ್ಕೆ ವಾರವಾಗುತ್ತದೆ ಎಂದರು. ಅದು ಬಂದದ್ದು ಹದಿನೈದು ದಿನಕ್ಕೆ. ಅಷ್ಟರಲ್ಲಿ ಮಳೆ ಹತ್ತಿರವಾಗಿತ್ತು. ಮಳೆ ಬಿದ್ದ ಮೇಲೆ ಎಲ್ಲ ಫೋನೂ ಒಳ್ಳೆಯವೇ.

ಭಾನುವಾರ ಸಂಜೆ, ನಾಳೆ ಮೊದಲ ಬಸ್ಸಿಗೆ ಹೋಗುತ್ತೇನೆ ಎಂದು ಅಣ್ಣನಿಗೆ ಹೇಳಿದೆ.

"ಫೋನ್ ಇಲ್ದ ಹೆಂಗ ಹೋಗ್ತಿ?"

"ಕೇಳ್ಕೋತ ಹೋಗ್ತೀನಿ."

"ಕೇಳಿದ್ದಕ್ಕ ಮುದಗಲ್ಲಿಗೆ ಹೋಗಿದ್ದಿ."

"ಒಬ್ಬರನ್ನ ಕೇಳಿದ್ದೆ. ಇನ್ನ ಇಬ್ಬರನ್ನ ಕೇಳ್ತೀನಿ."

ಅವನು ಎದ್ದು ಹೊರಗೆ ಹೋದ. ಹೋಗು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಸೋಮವಾರ ನಸುಕಿನಲ್ಲಿ ಅತ್ತಿಗೆ ನನ್ನನ್ನು ಬಸ್ಸಿನವರೆಗೆ ಬಿಟ್ಟಳು. ಅಣ್ಣ ಇನ್ನೂ ಎದ್ದಿಲ್ಲ ಎಂದಳು. ಊರು ದಾಟಿ ಎರಡನೇ ಸ್ಟಾಪಿನಲ್ಲಿ ಬಸ್ಸು ನಿಂತಾಗ, ಹಿಂದೆ ಒಂದು ಗಾಡಿಯೂ ನಿಂತಿತು. ಸೈಲೆನ್ಸರಿನ ಸಡಿಲವಾದ ತಗಡು ಗಡಗಡ ಎನ್ನುತ್ತಿತ್ತು. ಅಣ್ಣನ ಗಾಡಿಯೇ. ಬಸ್ಸು ನಿಂತಲ್ಲೆಲ್ಲ ನಿಂತು, ಹೊರಟಾಗ ಹೊರಟಿತು. ಮೈ ಉರಿಯಿತು. ಇಳಿದು ಬಯ್ಯಬೇಕೆನ್ನಿಸಿತು. ಬಯ್ದರೆ ಅವನು ಅಲ್ಲಿಂದಲೇ ಮನೆಗೆ ಕರೆದುಕೊಂಡು ಹೋಗುತ್ತಿದ್ದ, ಅದಕ್ಕೆ ಕೂತೇ ಇದ್ದೆ.

ಮಸ್ಕಿಯಲ್ಲಿ ಬಸ್ಸು ಬದಲಿಸಬೇಕು. ಬಾಯಿ ಬಿಟ್ಟು ಕೇಳಿದೆ. ಮತ್ತೊಬ್ಬರನ್ನು ಕೇಳಿದೆ, ಮೂರನೆಯವರನ್ನೂ ಕೇಳಿದೆ. ಕೇಳುವುದು ಆ ದಿನವೂ ನನಗೆ ಇಷ್ಟವಿರಲಿಲ್ಲ, ಇವತ್ತೂ ಇಲ್ಲ. ಒಬ್ಬಾಕೆ ಪಾಪ ಎಂದಳು. ನುಂಗಿಕೊಂಡು ಹತ್ತಿದೆ. ಲಿಂಗಸುಗೂರಿನಲ್ಲಿ ಇಳಿದು ಕೋಲು ಊರುತ್ತ ಆಫೀಸಿನ ದಾರಿ ಹಿಡಿದೆ. ಗಾಡಿ ಈಗ ನಡಿಗೆಯ ವೇಗದಲ್ಲಿ ಹಿಂದೆ ಬರುತ್ತಿತ್ತು. ಗೇಟಿನ ಹತ್ತಿರ ನಿಂತು ತಿರುಗಿದೆ.

"ವೀರೇಶಣ್ಣ."

ಗಾಡಿ ಬಂದ್ ಆಯಿತು.

"ಪೆಟ್ರೋಲ್ ಹಾಕ್ಸಾಕ ಬಂದಿದ್ದೆ," ಎಂದ.

"ಬಳಗಾನೂರ ಕಡಿ ಸಿಗಂಗಿಲ್ಲೇನು?"

ಅವನು ಮಾತು ತಿರುಗಿಸಿದ. "ಮಸ್ಕ್ಯಾಗ ಇಬ್ಬರನ್ನ ಕೇಳಿದ ಮ್ಯಾಲೆ ಮೂರನೇದವನ್ನ ಯಾಕ ಕೇಳಿದಿ?"

"ಇಬ್ಬರೂ ಬ್ಯಾರೆ ಬ್ಯಾರೆ ಹೇಳಿದ್ರು."

ಅವನು ಕೆಮ್ಮಿದನೋ ನಕ್ಕನೋ, ತಿಳಿಯಲಿಲ್ಲ. ನಾಷ್ಟಾ ಮಾಡಿಕೊಂಡು ಬಿಸಿಲೇರುವ ಮೊದಲು ಊರು ಸೇರು, ಮಧ್ಯಾಹ್ನದವರೆಗೆ ಇಲ್ಲಿ ನಿಲ್ಲಬೇಡ ಎಂದೆ. ಅವನು ಗಾಡಿಯ ಸ್ಟ್ಯಾಂಡ್ ಹಾಕಿದ ಸದ್ದು ಕೇಳಿತು. ನಾನು ಒಳಗೆ ಹೋದೆ. ಹತ್ತು ನಿಮಿಷ ತಡವಾಗಿತ್ತು.

ಬೆಳಗಿನಿಂದ ಅರ್ಧ ಗಮನ ಕಿಟಕಿಯ ಹೊರಗೇ ಇತ್ತು. ಗೇಟಿನ ಕಡೆ ಯಾವ ಗಾಡಿ ಚಾಲೂ ಆದರೂ ಕಿವಿ ನೆಟ್ಟಗಾಗುತ್ತಿತ್ತು. ಒಂದೂವರೆಗೆ ಹೊರಗೆ ಬಂದಾಗ ನೆಲದ ಕಾವು ಚಪ್ಪಲಿ ದಾಟಿ ಬಂತು. ಗೇಟಿನ ಪಕ್ಕದ ಚಹಾದಂಗಡಿಯವರನ್ನು, ಇಲ್ಲಿ ಒಬ್ಬರು ಗಾಡಿ ಹಾಕಿಕೊಂಡು ಕೂತಿದ್ದರಲ್ಲ ಎಂದು ಕೇಳಿದೆ. ಉಪ್ಪಿಟ್ಟು ತಿಂದು ಆಗಲೇ ಹೋದರಲ್ಲ, ಎಂಟೂವರೆ ಆಗಿರಬೇಕು ಎಂದರು.

ನಂಬಿಕೆಯಾಗದೆ ಒಂದು ನಿಮಿಷ ಅಲ್ಲೇ ನಿಂತು ಕಿವಿಗೊಟ್ಟೆ. ರಸ್ತೆಯಲ್ಲಿ ಯಾವ ಗಾಡಿಯ ಸದ್ದೂ ಇರಲಿಲ್ಲ. ಕೋಲು ಮುಂದೆ ಮಾಡಿ ನಿಲ್ದಾಣದ ಕಡೆ ನಡೆದೆ.